ಒಳ್ಳೇ ಹೈಟ್ ಇದೆ ಸಾರ್

ಮೊನ್ನೆ ಭಾನುವಾರ ಬೆಳಗ್ಗೆ ಎಂಟರ ಹೊತ್ತಿಗೆ ನ್ಯಾಷನಲ್ ಕಾಲೇಜು ಗ್ರೌಂಡಿನ ಅಂಚಿನಲ್ಲಿ ಕೂತಿದ್ದೆ. ಚಾಮರಾಜಪೇಟೆಯ ನಮ್ಮನೆಯಿಂದ ಅಲ್ಲಿಗೆ ನಡೆದರೆ ಅರ್ಧ ಗಂಟೆ, ದಾರಿಯಲ್ಲಿ ಒಂದು ಕಾಫಿ ಸೇರಿಸಿ. ಎರಡು ಕ್ಲಬ್ಬುಗಳ ಹುಡುಗರ ಮ್ಯಾಚು ನಡೀತಿತ್ತು. ಬಸವನಗುಡಿಯಲ್ಲಿ ಇಂಥ ಮ್ಯಾಚಿಗೂ ಹತ್ತು ಹದಿನೈದು ಜನ ಪ್ರೇಕ್ಷಕರು ಇದ್ದೇ ಇರುತ್ತಾರೆ. ಅರ್ಧ ಜನ ವಾಕಿಂಗ್ ಮುಗಿಸಿ ಬಂದವರು, ಇನ್ನರ್ಧ ಜನ ವಾಕಿಂಗ್ ಹೋಗ್ತೀನಿ ಅಂತ ಮನೆಯಲ್ಲಿ ಹೇಳಿ ಬಂದವರು. ಇವರನ್ನ ನಾನು ಕಟ್ಟೆ ಅಂತ ಕರೀತೀನಿ. ಅರಳೀಮರ ಇಲ್ಲದಿದ್ದರೂ ನಡೆಯೋದು ಅರಳೀಕಟ್ಟೆ ಕೆಲಸವೇ.

ಒಬ್ಬ ಹುಡುಗ ಬೌಲಿಂಗಿಗೆ ಬಂದ. ಹದಿನಾರು ಹದಿನೇಳು ಇರಬಹುದು. ಉದ್ದ ಅಂದ್ರೆ ಉದ್ದ. ಮೊದಲನೇ ಬಾಲು ಬ್ಯಾಟ್ಸ್‌ಮನ್‌ನ ದಾಟಿ ಕೀಪರ್ ಎದೆ ಮಟ್ಟಕ್ಕೆ ಹೋಗಿ 'ಟಪ್' ಅಂತು. ಕಟ್ಟೆ ಎಚ್ಚೆತ್ತುಕೊಂಡಿತು.

"ಒಳ್ಳೇ ಹೈಟ್ ಇದೆ ಸಾರ್," ಅಂದರು ಬ್ಯಾಂಕಿಂದ ರಿಟೈರ್ ಆದ ಹಿರಿಯರೊಬ್ಬರು.

"ಆರಡಿ ಎರಡಿಂಚು ಗ್ಯಾರಂಟಿ. ಇನ್ನೂ ಬೆಳೀತಾನೆ," ಅಂದ ಸ್ಟಾರ್ಟಪ್ ಟೀ ಶರ್ಟಿನ ಹುಡುಗ.

"ಅವರಪ್ಪ ನೋಡಿ, ಆ ಸ್ಕ್ರೀನ್ ಹತ್ರ ನಿಂತಿರೋರು. ಅವರೂ ಉದ್ದಾನೇ."

ಎಲ್ಲರೂ ತಿರುಗಿ ಅಪ್ಪನನ್ನ ಅಳೆದೆವು. ದನದ ಜಾತ್ರೆಯಲ್ಲಿ ಹಲ್ಲು ಎಣಿಸೋ ಹಾಗೆ. ಭುಜ ಇನ್ನೂ ತುಂಬಬೇಕು ಅಂದರು ಒಬ್ಬರು. ಮೊಟ್ಟೆ ತಿನ್ನಿಸಬೇಕು ಅಂದರು ಇನ್ನೊಬ್ಬರು. ಪುಳಿಯೋಗರೆ ತಿಂದು ಫಾಸ್ಟ್ ಬೌಲಿಂಗ್ ಆಗಲ್ಲ ಅನ್ನೋ ಹಳೇ ಬಸವನಗುಡಿ ಸಿದ್ಧಾಂತ ಒಂದು ಸುತ್ತು ಬಂದು ಹೋಯಿತು. ಅಷ್ಟರಲ್ಲಿ ಎರಡು ಓವರ್ ಮುಗಿದಿತ್ತು. ಆ ಎರಡು ಓವರಲ್ಲಿ ನಾಲ್ಕು ಲೆಗ್ ಸೈಡ್ ಆಚೆ ಹೋಗಿದ್ದವು, ಒಂದು ನೋಬಾಲ್, ಎರಡು ಹಾಫ್‌ವಾಲಿ ಬೌಂಡರಿಗೆ ಹೋಗಿದ್ದವು. ಅದರ ಬಗ್ಗೆ ಒಬ್ಬರೂ ಒಂದು ಮಾತಾಡಲಿಲ್ಲ. ಹುಡುಗನ ಬಗ್ಗೆ ಹತ್ತು ನಿಮಿಷ ಮಾತಾಡಿದ್ದೆವು. ಅವನು ಏನು ಬೌಲ್ ಮಾಡಿದ ಅನ್ನೋದನ್ನ ಯಾರೂ ನೋಡಿರಲಿಲ್ಲ.

ಹಿರಿಯರು ನನ್ನ ಕಡೆ ತಿರುಗಿದರು. "ನೀವು ಬರೀತೀರಲ್ಲಾ, ನೀವೇನಂತೀರಿ? ಇಂಡಿಯಾ ಮಟೀರಿಯಲ್ಲೇ?"

"ನೋಡೋಣ ಸಾರ್," ಅಂದೆ.

ಅವರಿಗೆ ಅದು ಸಾಲಲಿಲ್ಲ. ಎರಡು ವರ್ಷದ ಹಿಂದಾಗಿದ್ರೆ ನಾನೂ ಒಂದು ಗಂಟೆ ಭಾಷಣ ಬಿಗೀತಿದ್ದೆ. ಯಾಕೆ ಬಿಗೀಲಿಲ್ಲ ಅನ್ನೋದನ್ನ ಆಮೇಲೆ ಹೇಳ್ತೀನಿ. ಮೊದಲು ಕಟ್ಟೆಯ ಭಾಷೆ ಬಗ್ಗೆ ಸ್ವಲ್ಪ ತಕರಾರು ಇದೆ.

ಈ 'ಮಟೀರಿಯಲ್' ಅನ್ನೋ ಮಾತನ್ನೇ ತಗೊಳ್ಳಿ. ಚಿಕ್ಕಪೇಟೆ ಬಟ್ಟೆ ಅಂಗಡಿ ಮಾತು ಅದು. ಸ್ಟೇಟ್ ಮಟೀರಿಯಲ್, ರಣಜಿ ಮಟೀರಿಯಲ್, ಇಂಡಿಯಾ ಮಟೀರಿಯಲ್. ಬೆರಳಲ್ಲಿ ಮುಟ್ಟಿ, ಬೆಳಕಿಗೆ ಹಿಡಿದು, ಇದು ಸೂಟಿಗಾಗುತ್ತೆ, ಇದು ಪೈಜಾಮಕ್ಕೆ ಅಂತ ಹೇಳಿದ ಹಾಗೆ. ಬಟ್ಟೆಗಾದರೆ ಸರಿ. ಬಟ್ಟೆಗೆ ಬೆನ್ನುಮೂಳೆ ಇರಲ್ಲ, ಸೆಕೆಂಡ್ ಪಿಯುಸಿ ಎಕ್ಸಾಮ್ ಇರಲ್ಲ.

ಇನ್ನೊಂದು, ನಮ್ಮ ವ್ಯಾಕರಣದ್ದೇ ತೊಂದರೆ. ಆಡುಮಾತಿನ ಕನ್ನಡದಲ್ಲಿ ವರ್ತಮಾನಕ್ಕೂ ಭವಿಷ್ಯಕ್ಕೂ ಒಂದೇ ರೂಪ. 'ಇವನು ಇಂಡಿಯಾಗೆ ಆಡ್ತಾನೆ' ಅಂದರೆ ಈಗ ಆಡ್ತಿದಾನೆ ಅಂತಲೂ ಆಗಬಹುದು, ಮುಂದೆ ಆಡುತ್ತಾನೆ ಅಂತಲೂ ಆಗಬಹುದು. ಹೇಳುವವನು ಮುಂದಿನದನ್ನ ಊಹಿಸಿ ಹೇಳ್ತಾನೆ. ಸ್ಕ್ರೀನ್ ಹತ್ರ ನಿಂತಿರೋ ಅಪ್ಪ ಅದನ್ನ ಆಗಲೇ ಆಗಿಹೋದ ಸುದ್ದಿಯ ಹಾಗೆ ಕೇಳಿಸಿಕೊಳ್ತಾರೆ. ಹುಡುಗನಿಗೆ ಅದು ಸಾಲದ ಹಾಗೆ ಕೇಳಿಸುತ್ತೆ. ಮುಂದಿನ ಭಾನುವಾರದಿಂದ ತೀರಿಸಬೇಕು.

ಮೂರನೇದು ದೂರದ ಪ್ರಶ್ನೆ. ಎಪ್ಪತ್ತು ಗಜ ದೂರದಿಂದ, ಅದೂ ಸೈಡಿನಿಂದ ನೋಡಿದರೆ ಏನು ಕಾಣುತ್ತೆ? ಎತ್ತರ ಕಾಣುತ್ತೆ. ರನಪ್ ಕಾಣುತ್ತೆ. ಕೀಪರ್ ಎಲ್ಲಿ ಬಾಲು ಹಿಡಿದ ಅನ್ನೋದು ಕಾಣುತ್ತೆ. ಸೀಮ್ ನೆಟ್ಟಗಿತ್ತಾ, ಐದನೇ ಬಾಲು ಎರಡನೇ ಬಾಲು ಬಿದ್ದ ಜಾಗದಲ್ಲೇ ಬಿತ್ತಾ, ಬ್ಯಾಟ್ಸ್‌ಮನ್ ಮುಂದೆ ಬಂದು ಆಡಿದ್ದು ಇವನು ಬರಿಸಿದ್ದಕ್ಕಾ ಅಥವಾ ತಾನೇ ಬಂದದ್ದಾ, ಇದ್ಯಾವುದೂ ಕಾಣಲ್ಲ. ಕಾಣದ್ದನ್ನ ಬಿಟ್ಟು ಕಂಡದ್ದನ್ನೇ ದೊಡ್ಡದು ಮಾಡೋದು ಕಟ್ಟೆಯ ಅಭ್ಯಾಸ. ಆಫೀಸಿನ ಅಪ್ರೈಸಲ್‌ನಲ್ಲಿ 'ಹೈ ಪೊಟೆನ್ಷಿಯಲ್' ಪಟ್ಟಿ ಅಂತ ಮಾಡ್ತಾರಲ್ಲ, ಮೀಟಿಂಗಲ್ಲಿ ಚೆನ್ನಾಗಿ ಮಾತಾಡೋರೆಲ್ಲ ಅದರಲ್ಲಿ ಇರ್ತಾರಲ್ಲ, ಅದೂ ಇದೇ.

ಮಲ್ಲೇಶ್ವರದ ನನ್ನ ಹಳೇ ಗೆಳೆಯನೊಬ್ಬ ಈಗ ಅಮೆರಿಕದ ಒಹಾಯೋದಲ್ಲಿದ್ದಾನೆ. ಅಲ್ಲಿ ಕಾಲೇಜು ಫುಟ್ಬಾಲ್ ಅಂದ್ರೆ ಜಾತ್ರೆ. ಹೈಸ್ಕೂಲಲ್ಲಿ ಇರೋ ಹುಡುಗರಿಗೇ ಸ್ಟಾರ್ ಕೊಡ್ತಾರೆ, ಹೋಟೆಲಿಗೆ ಕೊಟ್ಟ ಹಾಗೆ, ಅತಿ ಹೆಚ್ಚು ಅಂದರೆ ಐದು. ಮುಂದಿನ ವರ್ಷ ತಮ್ಮ ಕಾಲೇಜಿಗೆ ಬರೋ ಲೈನ್‌ಬ್ಯಾಕರ್ ಹುಡುಗ ಎಷ್ಟು ಎತ್ತರ, ಎಷ್ಟು ತೂಕ, ನಲವತ್ತು ಗಜ ಎಷ್ಟು ಸೆಕೆಂಡಲ್ಲಿ ಓಡ್ತಾನೆ ಅಂತ ಐವತ್ತು ವರ್ಷದ ಗಂಡಸರು ರಾತ್ರಿ ಎಲ್ಲ ಚರ್ಚೆ ಮಾಡ್ತಾರಂತೆ. ಲೈನ್‌ಬ್ಯಾಕರ್ ಅಂದರೆ ಡಿಫೆನ್ಸಿನ ಎರಡನೇ ಸಾಲಲ್ಲಿ ನಿಂತು ನುಗ್ಗಿ ಬರೋನನ್ನ ಹಿಡಿದು ಕೆಡವೋನು. ಕಬಡ್ಡಿ ಗೊತ್ತಿರೋರಿಗೆ ಅರ್ಥವಾಗುತ್ತೆ. ಖಲೀಲ್ ಮ್ಯಾಕ್ ಅನ್ನೋ ಲೈನ್‌ಬ್ಯಾಕರ್‌ಗೆ ಸಿಕ್ಕಿದ್ದು ಎರಡೇ ಸ್ಟಾರ್. ದೊಡ್ಡ ಕಾಲೇಜುಗಳು ಕರೀಲಿಲ್ಲ, ಬಫಲೋಗೆ ಹೋದ. ಕಾಲೇಜು ಫುಟ್ಬಾಲಿನ ವಿಡಿಯೋ ಗೇಮಿನಲ್ಲಿ ಅವನಿಗೆ ನೂರಕ್ಕೆ 46 ಅಂಕ ಕೊಟ್ಟಿದ್ದರು. ಅವನು ಆ 46ನ್ನೇ ಜೆರ್ಸಿ ನಂಬರ್ ಮಾಡ್ಕೊಂಡ. 2014ರ ಎನ್‌ಎಫ್‌ಎಲ್ ಡ್ರಾಫ್ಟಿನಲ್ಲಿ ಇಡೀ ದೇಶಕ್ಕೆ ಐದನೆಯವನಾಗಿ ಆಯ್ಕೆಯಾದ.

ಇದನ್ನ ಕೇಳಿ ನಾನು ಗೆಳೆಯನಿಗೆ ಹೇಳಿದ್ದು: ನಮ್ಮಲ್ಲೂ ಇಂಥೋರಿದಾರೆ, ಸ್ಟಾರ್ ಬದಲು ನಾವು ತಲೆ ಆಡಿಸ್ತೀವಿ ಅಷ್ಟೇ.

ಕುಂಬ್ಳೆ ಕಥೆ ಹೇಳಲ್ಲ. 'ಚೆಂಡು ತಿರುಗಲ್ಲ' ಅನ್ನಿಸಿಕೊಂಡ ನ್ಯಾಷನಲ್ ಹೈಸ್ಕೂಲಿನ ಹುಡುಗ 619 ಟೆಸ್ಟ್ ವಿಕೆಟ್ ತಗೊಂಡದ್ದನ್ನ ಬಸವನಗುಡಿಯಲ್ಲಿ ಆಟೋದವರೂ ಹೇಳ್ತಾರೆ. ಅದು ಈಗ ಸ್ಥಳಪುರಾಣ. ಕಟ್ಟೆಗೆ ಅದರಿಂದ ಪಾಠ ಏನೂ ಆಗಲಿಲ್ಲ. ಕುಂಬ್ಳೆಯನ್ನ 'ಅಪವಾದ' ಅಂತ ಪಕ್ಕಕ್ಕಿಟ್ಟು ಮತ್ತೆ ಹೈಟ್ ಅಳೆಯೋಕೆ ಕೂತಿದೆ. ನನಗೆ ಅದಕ್ಕಿಂತ ಮುಖ್ಯ ಅನ್ನಿಸೋದು ವಿನಯ್ ಕುಮಾರ್ ಕಥೆ, ಯಾಕೆಂದರೆ ಅದರಲ್ಲಿ ನಾವೆಲ್ಲ ಪಾತ್ರಧಾರಿಗಳು.

ದಾವಣಗೆರೆಯಿಂದ ಬಂದವನು. ವಿಪರೀತ ಎತ್ತರ ಇಲ್ಲ, ಬೆಚ್ಚಿ ಬೀಳಿಸೋ ವೇಗ ಇಲ್ಲ. 'ದಾವಣಗೆರೆ ಎಕ್ಸ್‌ಪ್ರೆಸ್' ಅನ್ನೋ ಹೆಸರನ್ನ ಅರ್ಧ ಜನ ಪ್ರೀತಿಯಿಂದ ಹೇಳ್ತಿದ್ದರು, ಇನ್ನರ್ಧ ಜನ ಕಿಚಾಯಿಸೋಕೆ. 2012ರ ಜನವರಿಯಲ್ಲಿ ಪರ್ತ್‌ನಲ್ಲಿ ಟೆಸ್ಟ್ ಆಡಿದ. ವಾರ್ನರ್ 69 ಬಾಲಲ್ಲಿ ನೂರು ಹೊಡೆದ ಮ್ಯಾಚು ಅದು. ವಿನಯ್‌ಗೆ 73 ರನ್ನಿಗೆ ಒಂದು ವಿಕೆಟ್ಟು. ಮತ್ತೆ ಟೆಸ್ಟಿಗೆ ಕರೀಲಿಲ್ಲ. 2013ರ ನವೆಂಬರ್ 2, ದೀಪಾವಳಿ ಹೊತ್ತು, ನಮ್ಮ ಚಿನ್ನಸ್ವಾಮಿಯಲ್ಲೇ ಆಸ್ಟ್ರೇಲಿಯಾ ವಿರುದ್ಧ ಒಂದು ದಿನದ ಪಂದ್ಯ. ರೋಹಿತ್ ಶರ್ಮಾ 209 ಹೊಡೆದ. ವಿನಯ್ 9 ಓವರಲ್ಲಿ 102 ರನ್ ಕೊಟ್ಟ. ಊರವರ ಎದುರಿಗೇ. ಆ ರಾತ್ರಿ ನಾನು ಮಾಡಿದ ಜೋಕುಗಳು ನನಗೆ ನೆನಪಿವೆ, ಇಲ್ಲಿ ಬರೆಯಲ್ಲ. ವಿನಯ್ ಇಂಡಿಯಾಗೆ ಆಡಿದ ಕೊನೇ ಒನ್‌ಡೇ ಅದು.

ಅಲ್ಲಿಂದ ಸರಿಯಾಗಿ ಮೂರು ತಿಂಗಳಿಗೆ, 2014ರ ಫೆಬ್ರವರಿ 2ಕ್ಕೆ, ಹೈದರಾಬಾದಿನಲ್ಲಿ ಅದೇ ಮನುಷ್ಯ ರಣಜಿ ಟ್ರೋಫಿ ಎತ್ತಿ ಹಿಡಿದಿದ್ದ. 1998-99ರ ಮೇಲೆ ಕರ್ನಾಟಕಕ್ಕೆ ಸಿಕ್ಕ ಮೊದಲ ರಣಜಿ. ಇರಾನಿ, ವಿಜಯ್ ಹಜಾರೆ ಎರಡೂ ಅದೇ ಸೀಸನ್ನಿನಲ್ಲಿ ಬಂದವು. ಮುಂದಿನ ವರ್ಷ ಮತ್ತೆ ಮೂರೂ. ವಾಂಖೆಡೆಯಲ್ಲಿ ತಮಿಳುನಾಡಿನ ವಿರುದ್ಧ ಫೈನಲ್ಲಲ್ಲಿ ಎಲ್ಲರಿಗೂ ನೆನಪಿರೋದು ಕರುಣ್ ನಾಯರ್‌ನ 328. ಆ ಮ್ಯಾಚಿನಲ್ಲಿ ಮೊದಲ ಇನಿಂಗ್ಸಿನಲ್ಲಿ 5 ವಿಕೆಟ್ ತೆಗೆದು, ಆಮೇಲೆ ಬ್ಯಾಟಿಂಗಿನಲ್ಲಿ ಔಟಾಗದೆ 105 ಹೊಡೆದವನು ಕ್ಯಾಪ್ಟನ್ ವಿನಯ್. ರಣಜಿಯಲ್ಲಿ 400ಕ್ಕೂ ಹೆಚ್ಚು ವಿಕೆಟ್. ಬೆಳಗಿನ ಹೊತ್ತು, ಸ್ವಲ್ಪ ತೇವ ಇರೋ ಪಿಚ್ಚು, ಆಫ್ ಸ್ಟಂಪಿನ ಹೊರಗೆ ಆ ಒಂದೇ ಜಾಗ. ನೋಡೋಕೆ ಬೋರು. ಆಡೋಕೆ ಕಷ್ಟ.

ಇಲ್ಲೊಂದು ಮಾತು ಕಟ್ಟೆಯ ಪರವಾಗಿಯೂ ಹೇಳಬೇಕು. ವಿನಯ್‌ಗೆ ಅಂತಾರಾಷ್ಟ್ರೀಯ ಮಟ್ಟಕ್ಕೆ ಬೇಕಾದ ವೇಗ ಇರಲಿಲ್ಲ ಅಂತ ಕಟ್ಟೆ ಹೇಳಿದ್ದು ಸುಳ್ಳಲ್ಲ. ಪರ್ತ್ ಮತ್ತು ಚಿನ್ನಸ್ವಾಮಿ ಅದನ್ನೇ ತೋರಿಸಿದವು. ಅಳತೆ ಸರಿ ಇತ್ತು. ಆದರೆ 'ಇಂಡಿಯಾಗೆ ಆಗಲ್ಲ' ಅಂದ ತಕ್ಷಣ ಮನುಷ್ಯನೇ ಮುಗಿದುಹೋದ ಹಾಗೆ ಮಾತಾಡಿದೆವಲ್ಲ, ಅಲ್ಲಿ ಎಡವಿದೆವು. ರಾಜ್ಯಕ್ಕೆ ಹದಿನೈದು ವರ್ಷ ಬೌಲ್ ಮಾಡೋದು ಒಂದು ಪೂರ್ತಿ ಬದುಕು. ನಾವು ಅದನ್ನ ಕಾಯೋ ಕೋಣೆ ಅಂತ ತಿಳ್ಕೊಂಡಿದೀವಿ.

ಅಭಿಮನ್ಯು ಮಿಥುನ್‌ದು ತಿರುಗಾ ಮುರುಗಾ. ಕಟ್ಟೆಗೆ ಅಂತಲೇ ಮಾಡಿಸಿದ ಹುಡುಗ. ಹದಿನೇಳನೇ ವಯಸ್ಸಿನವರೆಗೆ ಲೆದರ್ ಬಾಲಲ್ಲಿ ಬೌಲಿಂಗೇ ಮಾಡಿರಲಿಲ್ಲ, ಡಿಸ್ಕಸ್ ಎಸೀತಿದ್ದ. ಆ ಭುಜ, ಆ ಬೆನ್ನು. 2009ರಲ್ಲಿ ಮೊದಲ ರಣಜಿ ಮ್ಯಾಚು, ಮೀರತ್‌ನಲ್ಲಿ ಉತ್ತರ ಪ್ರದೇಶದ ವಿರುದ್ಧ: ಹ್ಯಾಟ್ರಿಕ್, ಒಟ್ಟು 11 ವಿಕೆಟ್. ಆ ಸೀಸನ್ನಿನಲ್ಲಿ 47. ವರ್ಷ ತುಂಬೋ ಮೊದಲೇ, 2010ರ ಜುಲೈನಲ್ಲಿ, ಗಾಲ್‌ನಲ್ಲಿ ಟೆಸ್ಟ್ ಕ್ಯಾಪು. ಮುರಳೀಧರನ್ 800ನೇ ವಿಕೆಟ್ ತೆಗೆದು ವಿದಾಯ ಹೇಳಿದ ಮ್ಯಾಚು ಅದು. ಮಿಥುನ್ ಮೊದಲ ಇನಿಂಗ್ಸಿನಲ್ಲೇ 4 ವಿಕೆಟ್ ತೆಗೆದ. ನಮಗೆ ಇನ್ನೇನು ಬೇಕು? ಶ್ರೀನಾಥ್ ಸಿಕ್ಕಿಬಿಟ್ಟ ಅಂತ ಊರೆಲ್ಲ ಹೇಳಿಕೊಂಡು ತಿರುಗಿದೆವು.

ಒಟ್ಟು 4 ಟೆಸ್ಟ್, 9 ವಿಕೆಟ್. 2011ರ ನಂತರ ಇಂಡಿಯಾ ಕ್ಯಾಪು ಮತ್ತೆ ಸಿಗಲಿಲ್ಲ. ಕಟ್ಟೆ ಬೇಗ ಬೇಸರಪಟ್ಟುಕೊಂಡು ಇನ್ನೊಬ್ಬ ಉದ್ದದ ಹುಡುಗನನ್ನ ಹುಡುಕೋಕೆ ಹೋಯಿತು. ನಾವು ನೋಡೋದು ಬಿಟ್ಟ ಮೇಲೆ ಮಿಥುನ್ ಬೌಲಿಂಗ್ ಕಲಿತ ಅನ್ನೋದು ನನ್ನ ಅಭಿಪ್ರಾಯ. ವಿನಯ್, ಅರವಿಂದ್ ಜೊತೆ ಸೇರಿ ಆ ಟ್ರೋಫಿಗಳನ್ನ ಗೆದ್ದುಕೊಟ್ಟ ಬೌಲರ್, ಮೀರತ್‌ನ ಹುಡುಗನಿಗಿಂತ ಬೇರೆಯವನು. 2019ರ ಅಕ್ಟೋಬರ್ 25, ಅವನ ಮೂವತ್ತನೇ ಹುಟ್ಟುಹಬ್ಬ, ವಿಜಯ್ ಹಜಾರೆ ಫೈನಲ್ಲಲ್ಲಿ ತಮಿಳುನಾಡಿನ ವಿರುದ್ಧ ಹ್ಯಾಟ್ರಿಕ್. ಮುಂದಿನ ತಿಂಗಳು ಮುಷ್ತಾಕ್ ಅಲಿ ಸೆಮಿಫೈನಲ್ಲಲ್ಲಿ ಹರಿಯಾಣ ವಿರುದ್ಧ ಕೊನೇ ಓವರಿನ ಮೊದಲ ನಾಲ್ಕು ಬಾಲಿಗೆ ನಾಲ್ಕು ವಿಕೆಟ್, ಅದೇ ಓವರಲ್ಲಿ ಇನ್ನೊಂದು, ಒಟ್ಟು ಐದು. ಅಷ್ಟೊತ್ತಿಗೆ ಅವನ 'ಪೊಟೆನ್ಷಿಯಲ್' ಬಗ್ಗೆ ಮಾತಾಡೋರು ಯಾರೂ ಉಳಿದಿರಲಿಲ್ಲ.

ಶ್ರೀನಾಥ್ ಹೆಸರು ಬಂತಲ್ಲ. ಮೈಸೂರಿನ ಈ ಎಂಜಿನಿಯರಿಂಗ್ ಹುಡುಗನನ್ನ ಒಂದು ಕ್ಲಬ್ ಮ್ಯಾಚಿನಲ್ಲಿ ಗುರುತಿಸಿದ್ದು ಜಿ.ಆರ್. ವಿಶ್ವನಾಥ್. ಅಂದರೆ ಯಾರೋ ಒಬ್ಬರು ಅಂಚಿನಲ್ಲಿ ಕೂತು ನೋಡದೆ ಇದ್ದರೆ ಯಾವ ಹುಡುಗನೂ ಮೇಲೆ ಬರಲ್ಲ, ಅದನ್ನ ನಾನು ಮರೆತಿಲ್ಲ. 1991ರಲ್ಲಿ ಬ್ರಿಸ್ಬೇನ್‌ನಲ್ಲಿ ಮೊದಲ ಟೆಸ್ಟ್ ಆಡಿದ. ಭಾರತದ ನೆಲದಲ್ಲಿ ಮೊದಲ ಟೆಸ್ಟ್ ಆಡೋಕೆ 1994ರ ನವೆಂಬರ್ ತನಕ ಕಾಯಬೇಕಾಯಿತು. ಮೂರು ವರ್ಷ ಊರಲ್ಲಿ ಟೆಸ್ಟ್ ಇದ್ದಾಗೆಲ್ಲ ಹೊರಗೇ ಕೂತ. ನಾವು ಈಗ 236 ಟೆಸ್ಟ್ ವಿಕೆಟ್ ಅಂತೀವಿ, ಆ ಮೂರು ವರ್ಷವನ್ನ ಯಾರೂ ಎಣಿಸಲ್ಲ. ಈ ಕಾಲದ ಕಟ್ಟೆ ಅಷ್ಟು ಕಾಯಲ್ಲ. ಇಪ್ಪತ್ತೆರಡಕ್ಕೆ ಐಪಿಎಲ್ ಆಗದಿದ್ದರೆ 'ವೇಸ್ಟ್ ಆಗ್ಬಿಟ್ಟ' ಅಂತೀವಿ.

ಪ್ರಸಿದ್ಧ್ ಕೃಷ್ಣ ಇದಾನಲ್ಲ, ನಮ್ಮೂರ ಹುಡುಗ, ಹೈಟಿಗೆ ಮಾದರಿ. 2021ರ ಮಾರ್ಚಿನಲ್ಲಿ ಪುಣೆಯಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ಒನ್‌ಡೇ, 54ಕ್ಕೆ 4. 2022ರಲ್ಲಿ ಬೆನ್ನುಮೂಳೆಯಲ್ಲಿ ಸ್ಟ್ರೆಸ್ ಫ್ರಾಕ್ಚರ್, 2023ರ ಐಪಿಎಲ್ ಪೂರ್ತಿ ಹೋಯಿತು. 2024ರಲ್ಲಿ ತೊಡೆಗೆ ಆಪರೇಷನ್, ಆ ಐಪಿಎಲ್ಲೂ ಹೋಯಿತು. 2025ರಲ್ಲಿ 25 ವಿಕೆಟ್ ತೆಗೆದು ಪರ್ಪಲ್ ಕ್ಯಾಪ್. ಜುಲೈನಲ್ಲಿ ಎಜ್‌ಬಾಸ್ಟನ್‌ನಲ್ಲಿ ಜೇಮಿ ಸ್ಮಿತ್ ಒಂದೇ ಓವರಲ್ಲಿ 23 ಹೊಡೆದಾಗ ಕಟ್ಟೆ ಅವನನ್ನ ಮನೆಗೆ ಕಳಿಸಿತು. ಆಗಸ್ಟಿನಲ್ಲಿ ಓವಲ್‌ನಲ್ಲಿ ಅವನು 8 ವಿಕೆಟ್ ತೆಗೆದು ಭಾರತ 6 ರನ್ನಿನಿಂದ ಗೆದ್ದಾಗ ಅದೇ ಕಟ್ಟೆ 'ನಾನ್ ಅವತ್ತೇ ಹೇಳಿದ್ದೆ' ಅಂತು. ಒಂದು ತಿಂಗಳ ಅಂತರ.

ಅವನ ಕಥೆಯಲ್ಲಿ ನನಗೆ ನಿದ್ದೆಗೆಡಿಸೋದು ಆ ಮಧ್ಯದ ಸಾಲು, ಬೆನ್ನುಮೂಳೆ. ವೇಗದ ಬೌಲಿಂಗ್ ಮಾಡೋ ಹುಡುಗರಿಗೆ ಸೊಂಟದ ಮೇಲಿನ ಮೂಳೆ ಇನ್ನೂ ಪೂರ್ತಿ ಗಟ್ಟಿಯಾಗಿರಲ್ಲ. ಓಡಿ ಬಂದು, ಮುಂದಿನ ಕಾಲು ಊರಿ, ಮೈ ಹಿಂದಕ್ಕೆ ಬಾಗಿಸಿ ಪಕ್ಕಕ್ಕೆ ತಿರುಗಿಸಿದಾಗ ದೇಹದ ಹಲವು ಪಟ್ಟು ಭಾರ ಆ ಒಂದು ಜಾಗಕ್ಕೆ ಬೀಳುತ್ತೆ. ಒಂದು ದಿನ ಮುರಿಯೋದಲ್ಲ, ನಿಧಾನಕ್ಕೆ ಬಿರುಕು ಬಿಡುತ್ತೆ. ಅದಕ್ಕೇ ಇಂಗ್ಲೆಂಡಿನ ಬೋರ್ಡು ಹದಿಹರೆಯದ ಬೌಲರುಗಳಿಗೆ ಒಂದು ಸ್ಪೆಲ್ಲಿಗೆ ಇಷ್ಟೇ, ದಿನಕ್ಕೆ ಇಷ್ಟೇ ಓವರ್ ಅಂತ ಮಿತಿ ಹಾಕಿದೆ. ಉದ್ದ ಬೆಳೆಯೋ ವರ್ಷಗಳಲ್ಲೇ ಅಪಾಯ ಹೆಚ್ಚು. ಅಂದರೆ ಕಟ್ಟೆ 'ಒಳ್ಳೇ ಹೈಟ್ ಇದೆ' ಅಂತ ಕುಣಿಯೋ ವರ್ಷಗಳು.

ಈಗ ನನ್ನ ವಿಷಯ.

ಎರಡು ವರ್ಷದ ಹಿಂದೆ ಇದೇ ಅಂಕಣದಲ್ಲಿ ಒಬ್ಬ ಹುಡುಗನ ಬಗ್ಗೆ ಬರೆದಿದ್ದೆ. ಹೆಸರು ಹಾಕಿರಲಿಲ್ಲ, ಆದರೆ ಕ್ರಿಕೆಟ್ ಗೊತ್ತಿರೋ ಯಾರಿಗೂ ಗುರುತು ಸಿಗೋ ಹಾಗೆ ಬರೆದಿದ್ದೆ. ಈ ಪುಸ್ತಕಕ್ಕೆ ಬರಹಗಳನ್ನ ಆರಿಸುವಾಗ ಅದನ್ನ ಬಿಟ್ಟಿದ್ದೀನಿ. ಆಗ ಅವನಿಗೆ ಹದಿನೇಳು. ಒಂದು ಸಂಜೆ ನೆಟ್ಸಲ್ಲಿ ಅರ್ಧ ಗಂಟೆ, ಒಂದು ಮ್ಯಾಚಲ್ಲಿ ಆರು ಓವರ್, ಅಷ್ಟೇ ನಾನು ನೋಡಿದ್ದು. ಅಷ್ಟಕ್ಕೇ ಸಾವಿರದಿನ್ನೂರು ಪದ. ರನಪ್ಪಿಗೆ ಉಪಮೆ, ಮಣಿಕಟ್ಟಿಗೆ ಉಪಮೆ, ಶ್ರೀನಾಥ್‌ಗೆ ಹೋಲಿಕೆ. ಮಧ್ಯದಲ್ಲಿ ಒಂದು ಸಾಲು: 'ಈಗಲೇ 140ರ ಹತ್ತಿರ ಹಾಕುತ್ತಾನೆ.' ನನ್ನ ಹತ್ತಿರ ಸ್ಪೀಡ್ ಗನ್ ಇರಲಿಲ್ಲ. ಅಲ್ಲಿ ಯಾರ ಹತ್ತಿರವೂ ಇರಲಿಲ್ಲ. 140 ಅನ್ನೋದು ಆ ವಾಕ್ಯಕ್ಕೆ ಚೆನ್ನಾಗಿ ಕೂರುತ್ತಿತ್ತು, ಹಾಕಿದೆ. ಬರಹ ಚೆನ್ನಾಗಿ ಓಡಿತು. ಬಹಳ ಜನ ಹಂಚಿಕೊಂಡರು. ಅವನ ಚಿಕ್ಕಪ್ಪ ನನಗೆ ಫೋನ್ ಮಾಡಿ ಥ್ಯಾಂಕ್ಸ್ ಹೇಳಿದರು.

ಹೋದ ತಿಂಗಳು ಗಾಂಧಿಬಜಾರಿನ ಒಂದು ಹೋಟೆಲಿನ ಕೌಂಟರಿನಲ್ಲಿ ಕಾಫಿಗೆ ನಿಂತಿದ್ದೆ. ಪಕ್ಕದಲ್ಲಿ ಬ್ಯಾಗ್ ಹಾಕ್ಕೊಂಡ ಉದ್ದದ ಹುಡುಗ. ಅವನೇ ಗುರುತು ಹಿಡಿದ. ಎಂಜಿನಿಯರಿಂಗ್ ಮೂರನೇ ಸೆಮ್ ಅಂತೆ. ಬೌಲಿಂಗ್ ಹೇಗಿದೆ ಅಂದೆ.

"ಬಿಟ್ಟು ಒಂದು ವರ್ಷ ಆಯ್ತಣ್ಣ. ಬೆನ್ನು."

ಎಲ್ಲಿ ಅಂತ ಕೇಳಿದೆ. ಸೊಂಟದ ಮೇಲೆ ಕೈ ಇಟ್ಟು ತೋರಿಸಿದ.

ಏನು ಹೇಳಬೇಕೋ ಗೊತ್ತಾಗಲಿಲ್ಲ. ಅವನೇ ಮುಂದುವರಿಸಿದ, ನಗುನಗುತ್ತಾನೇ. "ನೀವು 140 ಅಂತ ಬರ್ದಿದ್ರಲ್ಲ, ಟೀಮಲ್ಲಿ ಎಲ್ರೂ ನನ್ನ ಒನ್ ಫಾರ್ಟಿ ಅಂತಾನೇ ಕರೀತಿದ್ರು. ಆಮೇಲೆ ಒಂದು ಕ್ಯಾಂಪಲ್ಲಿ ಗನ್ ಇಟ್ರು. 126 ಬಂತು."

"126 ಒಳ್ಳೇ ಸ್ಪೀಡೇ ಅಲ್ವಾ, ಆ ವಯಸ್ಸಿಗೆ."

"ಹೌದಣ್ಣ. ಈಗ ಗೊತ್ತು."

ಆಮೇಲೆ ನಾಲ್ಕು ತಿಂಗಳು ದಿನಾ ಎರಡು ಹೊತ್ತು ಬೌಲ್ ಮಾಡಿದನಂತೆ. ಕೋಚ್ ಹೋದ ಮೇಲೂ. ಬೆನ್ನು ನೋಯ್ತಿತ್ತು, ಮನೆಯಲ್ಲಿ ಹೇಳಲಿಲ್ಲ, ಸುಮ್ಮನೆ ಐಸ್ ಇಟ್ಟುಕೊಳ್ತಿದ್ದ. ನಾನು ಬರೆದದ್ದರಿಂದಲೇ ಹೀಗಾಯ್ತು ಅಂತ ಅವನು ಹೇಳಲಿಲ್ಲ. ಹೇಳೋ ಹುಡುಗನೂ ಅಲ್ಲ. ಬರೆಯದಿದ್ದರೂ ಆಗುತ್ತಿತ್ತೇನೋ. ಆದರೆ ಆ ನಂಬರ್ ನಾನು ಕೊಟ್ಟದ್ದು. ಎಲ್ಲಿಂದ ತಂದೆ ಅಂತ ಅವನು ಕೇಳಿದ್ದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನು ಕೇಳಲಿಲ್ಲ. ಕಾಫಿ ದುಡ್ಡು ಕೊಡೋಕೂ ಬಿಡಲಿಲ್ಲ, ತಾನೇ ಕೊಟ್ಟ. "ಈಗ ಆಫ್ ಸ್ಪಿನ್ ಹಾಕ್ತೀನಿ, ಕಾಲೇಜ್ ಟೀಮಿಗೆ. ಸ್ವಲ್ಪ ತಿರುಗುತ್ತೆ," ಅಂತ ಹೇಳಿ ಹೋದ.

ಆ ಹಳೇ ಬರಹವನ್ನ ಮನೆಗೆ ಬಂದು ಮತ್ತೆ ಓದಿದೆ. ಆರು ಓವರ್ ನೋಡಿದ್ದೆ ಅಂದೆನಲ್ಲ, ಅದರಲ್ಲಿ ಅವನು ಎಷ್ಟು ವಿಕೆಟ್ ತೆಗೆದ, ಎಷ್ಟು ರನ್ ಕೊಟ್ಟ ಅನ್ನೋದು ಆ ಸಾವಿರದಿನ್ನೂರು ಪದದಲ್ಲಿ ಎಲ್ಲೂ ಇಲ್ಲ. ಒಂದೇ ಒಂದು ಬಾಲಿನ ವಿವರ ಇಲ್ಲ. ಇರೋದೆಲ್ಲ 'ಮುಂದೆ', 'ಇನ್ನೆರಡು ವರ್ಷದಲ್ಲಿ', 'ಸರಿಯಾಗಿ ತಿದ್ದಿದರೆ'. ಸಿನಿಮಾ ನೋಡದೆ ಟ್ರೇಲರಿಗೆ ವಿಮರ್ಶೆ ಬರೆದ ಹಾಗೆ. ಸಿನಿಮಾದವರಿಗಾದರೆ ನಿರ್ಮಾಪಕರ ದುಡ್ಡು ಹೋಗುತ್ತೆ. ಇಲ್ಲಿ ಪಣಕ್ಕೆ ಇಟ್ಟದ್ದು ಬೇರೆಯವರ ಮಗನ ಬೆನ್ನು.

ಕಟ್ಟೆಯವರು ಕೆಟ್ಟವರಲ್ಲ, ದಯವಿಟ್ಟು ಹಾಗೆ ಓದಬೇಡಿ. ನನ್ನ ಹಾಗೆ ಬರೆದು ಹೆಸರು ಮಾಡ್ಕೊಳ್ಳೋ ಚಟ ಅವರಿಗಿಲ್ಲ. ಆ ಬ್ಯಾಂಕಿನ ಹಿರಿಯರು ಪ್ರತಿ ಭಾನುವಾರ ಒಂದು ಡಜನ್ ಬಾಳೆಹಣ್ಣು ತಂದು ಎರಡೂ ಟೀಮಿನ ಹುಡುಗರಿಗೆ ಹಂಚುತ್ತಾರೆ. ಹಿಂದೆ ಒಬ್ಬ ಹುಡುಗನಿಗೆ ಬೌಲಿಂಗ್ ಶೂ ಬೇಕಾದಾಗ ಕಟ್ಟೆಯವರೇ ದುಡ್ಡು ಹಾಕಿ ತಂದುಕೊಟ್ಟಿದ್ದರು. ಖಾಲಿ ಗ್ರೌಂಡಿನಲ್ಲಿ ಆಡೋದಕ್ಕಿಂತ ಹದಿನೈದು ಜನರ ಮುಂದೆ ಆಡೋದು ಯಾವ ಹುಡುಗನಿಗೂ ಖುಷಿ. ನೋಡಿ, ಖಂಡಿತ ನೋಡಿ. ಬಾಲು ಎಲ್ಲಿ ಬಿತ್ತು ಅಂತಲೂ ಸ್ವಲ್ಪ ನೋಡಿ ಅಂತ ಅಷ್ಟೇ ನನ್ನ ತಕರಾರು. ಅದನ್ನ ಮೊದಲು ನನಗೇ ಹೇಳಿಕೊಳ್ತಿದೀನಿ.

ಭಾನುವಾರದ್ದಕ್ಕೆ ವಾಪಸ್ ಬರ್ತೀನಿ. ಡ್ರಿಂಕ್ಸ್ ಆದಮೇಲೆ ಆ ಉದ್ದದ ಹುಡುಗ ಎರಡನೇ ಸ್ಪೆಲ್ಲಿಗೆ ಬಂದ. ನಾನು ಕಟ್ಟೆ ಬಿಟ್ಟು ಎದ್ದು ಹೋಗಿ ಸ್ಕ್ರೀನ್ ಪಕ್ಕ, ಅವರಪ್ಪನಿಂದ ಸ್ವಲ್ಪ ದೂರದಲ್ಲಿ ನಿಂತೆ. ಬೌಲರಿನ ಹಿಂದಿನಿಂದ ನೋಡಿದರೆ ಬೇರೆಯೇ ಆಟ. ಸುಸ್ತಾಗಿದ್ದ, ಶರ್ಟು ಹೊರಗೆ ಬಂದಿತ್ತು. ರನಪ್ಪಿನಲ್ಲಿ ನಾಲ್ಕು ಹೆಜ್ಜೆ ಕಡಿಮೆ ಮಾಡಿದ್ದ, ಯಾರು ಹೇಳಿದರೋ ಗೊತ್ತಿಲ್ಲ. ಕೀಪರ್ ಈಗ ಸೊಂಟದ ಮಟ್ಟದಲ್ಲಿ ಹಿಡೀತಿದ್ದ. ಒಂದು ಓವರಿನಲ್ಲಿ ಮೂರನೇ, ನಾಲ್ಕನೇ, ಐದನೇ ಬಾಲು ಒಂದೇ ಟವೆಲ್ಲಿನಷ್ಟು ಜಾಗದಲ್ಲಿ ಬಿದ್ದವು. ಐದನೇದಕ್ಕೆ ಬ್ಯಾಟ್ಸ್‌ಮನ್ ಆಡಿದ, ಸಿಗಲಿಲ್ಲ. ಆರನೇದು ಮತ್ತೆ ಅಲ್ಲೇ. ಎಡ್ಜು, ಸ್ಲಿಪ್ಪಲ್ಲಿದ್ದವನು ಬಿಟ್ಟ. ಹುಡುಗ ಅವನ ಕಡೆ ನೋಡಿ ತಲೆ ಅಲ್ಲಾಡಿಸಿ, ಟೋಪಿ ತಗೊಂಡು ಫೈನ್ ಲೆಗ್ಗಿಗೆ ನಡೆದ.

ಕಟ್ಟೆಗೆ ವಾಪಸ್ ಬಂದಾಗ ಹಿರಿಯರು ಬಾಳೆಹಣ್ಣು ಸುಲೀತಿದ್ದರು. "ಪೇಸ್ ಕಡಿಮೆ ಆಗೋಯ್ತಲ್ರೀ," ಅಂದರು ಬೇಜಾರಿನಲ್ಲಿ.

"ನಾಲ್ಕು ಓವರ್ ಹಾಕ್ದ ಸಾರ್ ಈ ಸಲ. ಲೆಗ್ ಸೈಡ್ ಒಂದೇ ಒಂದು ಹೋಯ್ತು. ಒಂದು ಕ್ಯಾಚ್ ಬಿಟ್ರು."

"ಅದಿರ್ಲಿ. ಮುಂದೆ ಏನಂತೀರಿ?"

"ಮುಂದಿನ ಭಾನುವಾರ ಇವರದ್ದು ಮಲ್ಲೇಶ್ವರ 18ನೇ ಕ್ರಾಸ್ ಗ್ರೌಂಡಲ್ಲಂತೆ. ಅವರಪ್ಪ ಹೇಳಿದ್ರು."

"ಅಷ್ಟು ದೂರ ಯಾರ್ರೀ ಹೋಗ್ತಾರೆ," ಅಂದರು. ಬಾಳೆಹಣ್ಣು ಮುಗಿಸಿ, ಸಿಪ್ಪೆ ಮಡಚಿ, ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: "ಭಾನುವಾರ ಮೆಟ್ರೋ ಎಷ್ಟೊತ್ತಿಗೆ ಶುರು?"